ಗುಡಾರದ ರಜೆಯೂ ತಂದೆತಾಯಿಗಳ ಮುಂದಾಲೋಚನೆಯೂ

ಕುರುಬನು ಮಂದೆಯ ಸಂಗಡ ಬಯಲಿನಲ್ಲಿ ಮಲಗುವದೂ ರೈತನು ಹೊಲದ ಅಟ್ಟದಲ್ಲಿ ರಾತ್ರಿ ಕಾಯುವದೂ ನಮಗೆ ಹೊಸದಲ್ಲ. ಅವರು ಅವಶ್ಯದ ದೆಸೆಯಿಂದ ಹಾಗೆ ಮಾಡುತ್ತಾರೆ. ಈಗಲಾದರೋ ಅನೇಕ ಕುಟುಂಬದವರು ಸಂತೋಷಕ್ಕೋಸ್ಕರವೇ ಚಿಕ್ಕ ಮಕ್ಕಳನ್ನು ಕರಕೊಂಡು ಮಲೆನಾಡಿನಲ್ಲಿ ಗುಡಾರ ಹಾಕಿ ರಜೆಯ ಒಂದೆರಡು ರಾತ್ರಿಗಳನ್ನು ಕಳೆಯುವದುಂಟು. ಮೊದಲನೆಯ ಸಾರಿ ಹೊರಡುವ ತಂದೆತಾಯಿಗಳು ಎಷ್ಟರ ಮಟ್ಟಿಗೆ ಸಿದ್ಧತೆ ಮಾಡತಕ್ಕದ್ದು? ಇದು ಬರೇ ಗಂಟುಮೂಟೆಗಳ ಪ್ರಶ್ನೆಯಲ್ಲ. ಮಕ್ಕಳಿಗೆ ನಾವು ಸಲ್ಲಿಸತಕ್ಕ ಕರ್ತವ್ಯದ ಪ್ರಶ್ನೆಯಾಗಿದೆ.

ಹೋದ ಮೇಲೆ ನೋಡಿಕೊಳ್ಳೋಣ ಎಂದು ಕೆಲವರು ಹೇಳುತ್ತಾರೆ. ಇದು ಧೈರ್ಯದಂತೆ ತೋರಿದರೂ ಧೈರ್ಯವಲ್ಲ. ಯಾಕಂದರೆ ಅಪಾಯವನ್ನು ತನ್ನ ಮೇಲೆ ತಂದುಕೊಳ್ಳುವವನು ಧೈರ್ಯಶಾಲಿಯಾಗಿರಬಹುದು. ಏನೂ ಅರಿಯದ ಮೂರು ವರುಷದ ಕೂಸಿನ ಮೇಲೆ ಅದನ್ನು ಹೊರಿಸುವವನು ಅಜಾಗ್ರತನೇ. ಬೇರೆ ಕೆಲವರಾದರೋ ಮನೆಯನ್ನೇ ಹೊತ್ತುಕೊಂಡು ಹೋಗುತ್ತಾರೆ. ಮಗುವಿಗೆ ಮಣ್ಣು ಅಂಟಬಾರದು, ಹಸಿವು ತಟ್ಟಬಾರದು, ಕತ್ತಲೆ ಕಾಣಬಾರದು ಎಂಬದೇ ಅವರ ಚಿಂತೆ. ಹಾಗಾದರೆ ಮನೆ ಬಿಟ್ಟು ಹೋದದ್ದು ಏತಕ್ಕೆ?

ನಮಗೆ ತೋರುವದೇನಂದರೆ, ಹಾನಿ ಬೇರೆ, ಕಷ್ಟ ಬೇರೆ. ಹಾನಿಯನ್ನು ತಡೆಯುವದು ಹೆತ್ತವರ ಕರ್ತವ್ಯ. ಅದರಲ್ಲಿ ಮೈಗಳ್ಳತನ ಸಲ್ಲದು. ಕಷ್ಟವನ್ನಾದರೋ ಮಕ್ಕಳ ಅಳತೆಗೆ ತಕ್ಕಷ್ಟು ಅವರಿಗೆ ಉಳಿಸತಕ್ಕದ್ದು.

ಮೊದಲು ಹಾನಿಯ ಮಾತು. ಹೊಳೆಯ ಪಾತ್ರದಲ್ಲಿ ಗುಡಾರ ಹಾಕಬಾರದು. ನಾವಿರುವಲ್ಲಿ ಹನಿ ಬೀಳದಿದ್ದರೂ ಮೇಲಣ ಘಟ್ಟದಲ್ಲಿ ಮಳೆಯಾದರೆ ನೀರು ಫಕ್ಕನೆ ಏರಿ ಬರುವದು. ಒಣಗಿದ ಕೊಂಬೆಯ ಕೆಳಗೂ ಹಾಕಬಾರದು. ಚಳಿಯೆಂದು ಇದ್ದಲಿನ ಒಲೆಯನ್ನು ಗುಡಾರದೊಳಗೆ ತಂದರೆ, ಬಣ್ಣವೂ ವಾಸನೆಯೂ ಇಲ್ಲದ ವಿಷವಾಯುವು ಹುಟ್ಟಿ ನಿದ್ರಿಸುವವರನ್ನು ಕೊಲ್ಲುವದು. ನೆಲವು ಮೈಯ ಕಾವನ್ನು ಹೀರುವದರಿಂದಲೂ ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ಬೇಗ ತಣ್ಣಗಾಗುವದರಿಂದಲೂ, ಹೊದಿಕೆಯಷ್ಟೇ ದಪ್ಪವಾದ ಹಾಸಿಗೆಯು ಕೆಳಗೂ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣ್ಣಿಗಳ ಕಡಿತದಿಂದ ಹರಡುತ್ತದೆ. ಡಿಸೆಂಬರಿನಿಂದ ಮೇ ತನಕ ಅದರ ಭಯ ಹೆಚ್ಚು. ಆದದರಿಂದ ಮಂಗಗಳು ಸತ್ತ ಸುದ್ದಿಯಿರುವ ಕಾಡಿಗೆ ಮಕ್ಕಳನ್ನು ಒಯ್ಯಲೇ ಬಾರದು. ಹಾವು ಕಚ್ಚಿದರೆ ಕೊಯ್ಯುವದೂ ಚೀಪುವದೂ ಬಿಗಿದು ಕಟ್ಟುವದೂ ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ ಕೂಡಲೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಹಾವಿನ ವಿಷಕ್ಕೆ ಮದ್ದಿರುವ ಆಸ್ಪತ್ರೆಯು ಎಲ್ಲಿದೆಯೆಂದು ಹೊರಡುವ ಮುಂಚೆಯೇ ವಿಚಾರಿಸಿಕೊಳ್ಳಬೇಕು.

ಇಷ್ಟು ಮಾಡಿದ ಮೇಲೆ ಕೈಯನ್ನು ಸ್ವಲ್ಪ ಹಿಂದೆಗೆಯೋಣ. ಮಗುವು ತನ್ನ ಕಂಬಳಿಯನ್ನು ತಾನೇ ಹೊರಲಿ. ಗೂಟ ಬಡಿಯುವಾಗ ಹಗ್ಗ ಹಿಡಿಯಲಿ. ಅನ್ನ ತಡವಾದರೆ ತುಸು ಕಾಯಲಿ. ದೀಪ ಆರಿಸಿದ ಮೇಲೆ ನಕ್ಷತ್ರಗಳನ್ನು ನೋಡಲಿ. 1907ರ ಆಗಸ್ಟ್ ತಿಂಗಳಲ್ಲಿ ಬೇಡನ್ ಪೊವೆಲ್ ಎಂಬವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಧನಿಕರ ಮಕ್ಕಳನ್ನೂ ಕೂಲಿಯವರ ಮಕ್ಕಳನ್ನೂ ಕೂಡಿಸಿ, ಸುಮಾರು 20 ಹುಡುಗರನ್ನು ಗುಡಾರಗಳಲ್ಲಿ ಇರಿಸಿದರು. ಅದರಿಂದ ಬೆಳೆದ ಸ್ಕೌಟ್ ಪಂಗಡಕ್ಕೆ ಅವರು ಕೊಟ್ಟ ಧ್ಯೇಯವು ಸದಾ ಸಿದ್ಧನಾಗಿರು ಎಂಬದೇ. ಆದರೆ ಅವರು ವಿವರಿಸಿದ ಸಿದ್ಧತೆಯು ಮನಸ್ಸಿನದೂ ದೇಹದದೂ ಹೊರತು ಪೆಟ್ಟಿಗೆಯದಲ್ಲ. ಮಕ್ಕಳ ಮನಸ್ಸನ್ನು ಹಾಗೆ ಸಿದ್ಧಮಾಡುವದಕ್ಕೆ, ಮುಂಚಿತವಾಗಿ ಒಂದು ರಾತ್ರಿ ಮನೆಯ ಅಂಗಳದಲ್ಲಿಯೇ ಗುಡಾರ ಹಾಕಿ ಅವರ ಸಂಗಡ ಮಲಗುವದು ಒಳ್ಳೇದು. ಹೆದರಿದರೆ ಬಾಗಲು ಹತ್ತಿರವೇ ಇರುವದು.

ಇನ್ನೊಂದು ಸಂಗತಿಯನ್ನು ಗಂಡಸರು ಆಲೋಚಿಸಬೇಕು. ಮನೆಯಲ್ಲಿ ಬೇಯಿಸಿದ ತಾಯಿಯೇ ಕಾಡಿನಲ್ಲಿಯೂ ಮೂರು ಕಲ್ಲುಗಳ ಮುಂದೆ ಹೊಗೆ ಕುಡಿಯುತ್ತಾ ಕೂತರೆ, ಆ ರಜೆ ಯಾರದು? ಕೆಲಸ ಹಂಚಿಕೊಳ್ಳದ ಸಂತೋಷವು ಒಬ್ಬರ ಬೆನ್ನಿನ ಮೇಲೆ ಕಟ್ಟಿದ ಸಂತೋಷವೇ. ತಂದೆ ಬೇಯಿಸುವದನ್ನು ಮಗನು ನೋಡಿದರೆ ಅದೂ ಒಂದು ಪಾಠವಾಗುವದು.

ನಮ್ಮ ಮಕ್ಕಳು ಒಂದು ದಿನ ನಾವು ಸಂಗಡ ಹೋಗಲಾರದ ಸ್ಥಳಗಳಿಗೆ ಹೋಗುವರು. ಅಲ್ಲಿ ನಾವು ಕಟ್ಟಿಕೊಟ್ಟ ಬುತ್ತಿ ಎಷ್ಟು ದಿವಸ ಬಂದೀತು? ನಾವು ಹತ್ತಿರ ಇರುವಾಗಲೇ ಅವರು ಕಲಿತ ಚಿಕ್ಕ ತಾಳ್ಮೆಯಾದರೋ ಕಡೇ ವರೆಗೂ ಬರುವದು. ಆದದರಿಂದ ಮೂಟೆ ಕಟ್ಟುವಾಗ ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು, ಇದು ಹಾನಿಯನ್ನು ತಡೆಯುವದೋ, ಕಲಿಯತಕ್ಕದ್ದನ್ನು ತಡೆಯುವದೋ, ಎಂದು ಕೇಳಿಕೊಳ್ಳೋಣ.