ನಿದ್ರೆ ಬಾರದ ಇರುಳು ಮತ್ತು ಆರ್ತಧ್ಯಾನ

ಅಷ್ಟಮಿ, ಚತುರ್ದಶಿಗಳಲ್ಲಿ ಉಪವಾಸ ಮಾಡುವ ಶ್ರಾವಕ ಶ್ರಾವಿಕೆಯರಲ್ಲಿ ಕೆಲವರಿಗೆ ಹಗಲು ಸುಗಮವಾಗಿ ಕಳೆದರೂ ಇರುಳು ಕಠಿನವಾಗುವುದುಂಟು. ಜಪ ಮುಗಿದಿದೆ, ದೀಪ ಆರಿದೆ; ಆದರೂ ನಿದ್ರೆ ಬಾರದು. ಇದು ವ್ರತದ ಫಲವೋ, ದೇಹದ ದೋಷವೋ, ಪೂರ್ವಕರ್ಮದ ಉದಯವೋ ಎಂಬ ಶಂಕೆ ಆಗ ಏಳುತ್ತದೆ.

ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯವು ದರ್ಶನಾವರಣೀಯ ಕರ್ಮದ 9 ಭೇದಗಳನ್ನು ಹೇಳುತ್ತದೆ. ಅವುಗಳಲ್ಲಿ 5 ನಿದ್ರೆಗೆ ಸಂಬಂಧಿಸಿದವು: ನಿದ್ರಾ, ನಿದ್ರಾನಿದ್ರಾ, ಪ್ರಚಲಾ, ಪ್ರಚಲಾಪ್ರಚಲಾ, ಸ್ತ್ಯಾನಗೃದ್ಧಿ. ಅರಹಂತರಲ್ಲಿ ಇಲ್ಲದ 18 ದೋಷಗಳಲ್ಲಿ ನಿದ್ರೆಯೂ ಒಂದು. ನಿದ್ರೆಯೇ ಆವರಣವಾದರೆ, ನಿದ್ರೆ ಬಾರದವನಿಗೆ ಆವರಣ ಸರಿಯಿತೆನ್ನಬಹುದೇ? ಹಾಗೆನ್ನಲಾಗದು. ಕೇವಲಿಗಳಲ್ಲಿ ಆ ಕರ್ಮ ಕ್ಷಯವಾಗಿದೆ. ಈತನಲ್ಲಿ ಅದು ಸತ್ತೆಯಲ್ಲಿಯೇ ಇದೆ. ಮರುದಿನ ಸ್ವಾಧ್ಯಾಯದಲ್ಲಿ ಕುಳಿತಲ್ಲೇ ತೂಕಡಿಸುವಾಗ ಪ್ರಚಲೆಯ ರೂಪದಲ್ಲಿ ಅದು ಉದಯಕ್ಕೆ ಬರುತ್ತದೆ.

ಕರ್ಮವನ್ನು ಒಪ್ಪುವವರು ನಿಮಿತ್ತವನ್ನು ಅಲ್ಲಗಳೆಯಬೇಕಾಗಿಲ್ಲ. ಕಾಫಿಯಲ್ಲಿರುವ ಕೆಫೀನು ಸಾಮಾನ್ಯವಾಗಿ ಸುಮಾರು 5 ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ರಾತ್ರಿಭೋಜನ ತ್ಯಾಗವನ್ನು ಪಾಲಿಸುವ ಮನೆಯಲ್ಲಿ ಸಂಜೆ 6 ಗಂಟೆಗೆ ಕುಡಿದ ಕಾಫಿಯ ಅರ್ಧಾಂಶ 11 ಗಂಟೆಗೂ ರಕ್ತದಲ್ಲಿ ಉಳಿದಿರಬಹುದು. ನಿತ್ಯ ಕುಡಿಯುವವರು ಉಪವಾಸದಂದು ಒಮ್ಮೆಲೇ ಬಿಟ್ಟರೆ ತಲೆನೋವೂ ಬರಬಹುದು. ಇವು ವ್ರತದ ದೋಷಗಳಲ್ಲ, ಅಭ್ಯಾಸದ ದೋಷಗಳು. ಆದುದರಿಂದ ನಿದ್ರೆಯಿಲ್ಲದೆ ಬಳಲುವ ನೆರೆಯವರಿಗೆ "ನಿಮ್ಮ ಪಾಪ" ಎಂದು ಹೇಳಿ ಸುಮ್ಮನಾಗುವುದು ಸಿದ್ಧಾಂತವೂ ಅಲ್ಲ, ದಯೆಯೂ ಅಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಸ್ಪೀಲ್‌ಮನ್ 1980ರ ದಶಕದಲ್ಲಿ ನಿದ್ರಾಹೀನತೆಗೆ ಮೂರು ಬಗೆಯ ಕಾರಣಗಳನ್ನು ಹೇಳಿದರು: ಮೊದಲೇ ಇರುವ ಪ್ರವೃತ್ತಿ, ಅದನ್ನು ಕೆರಳಿಸುವ ಘಟನೆ, ಅದನ್ನು ಮುಂದುವರಿಸುವ ನಡವಳಿಕೆ. ಘಟನೆ ಕಳೆದುಹೋದರೂ ನಿದ್ರೆಗಾಗಿ ಹೆಣಗಾಡುವ ಅಭ್ಯಾಸ ಉಳಿಯುತ್ತದೆ. ರೋಗವನ್ನು ಅದೇ ಬೆಳೆಸುತ್ತದೆ. ಜೈನಾಗಮದ ಭಾಷೆಯಲ್ಲಿ ಹೇಳುವುದಾದರೆ, ನಿದ್ರೆ ಬಾರದ ವೇದನೆ ಅಸಾತಾವೇದನೀಯದ ಉದಯ. ಅದಕ್ಕಾಗಿ ಕೊರಗುವುದು ಆರ್ತಧ್ಯಾನ. ಉದಯವು ಹಳೆಯ ಸಾಲದ ತೀರುವೆ, ಕೊರಗು ಹೊಸ ಬಂಧ.

ಮಂಗಳೂರಿನ ಹಂಪನಕಟ್ಟೆಯಲ್ಲಿ ಇರುಳೂ ಪೂರ್ತಿ ನಿಶ್ಶಬ್ದವಾಗುವುದಿಲ್ಲ. ಅಲ್ಲಿರುವ ವೆನ್ಲಾಕ್ ಆಸ್ಪತ್ರೆ 1848ರಲ್ಲಿ ಆರಂಭವಾದುದು. ಅಂಥ ಆಸ್ಪತ್ರೆಯಲ್ಲಿ ತಾಯಿಯೊಬ್ಬಳು ರೋಗಿಯಾದ ಮಗುವಿನ ಬಳಿ ಬೆಳಗಿನವರೆಗೆ ಎಚ್ಚರವಿರುತ್ತಾಳೆ. ಅದೇ ಹೊತ್ತಿನಲ್ಲಿ ಸಮೀಪದ ಮನೆಯಲ್ಲಿ ಒಬ್ಬನು ಗಡಿಯಾರವನ್ನು ಮತ್ತೆ ಮತ್ತೆ ನೋಡುತ್ತ ಹೊರಳುತ್ತಾನೆ. ತಾಯಿಗೂ ಆತಂಕವಿದೆ, ದಣಿವಿದೆ. ಆದರೆ "ನಿದ್ರೆ ಬರಲಿಲ್ಲವಲ್ಲಾ" ಎಂಬ ಸಂಕಟವಿಲ್ಲ. ಎಚ್ಚರ ಇಬ್ಬರದೂ ಒಂದೇ, ಭಾವ ಬೇರೆ. ಒಂದರಲ್ಲಿ ಸೇವೆಯಿದೆ, ಇನ್ನೊಂದರಲ್ಲಿ ಸ್ವಂತ ಸುಖದ ಎಣಿಕೆಯಿದೆ.

ಮುನಿಗಳ 28 ಮೂಲಗುಣಗಳಲ್ಲಿ ಕ್ಷಿತಿಶಯನವೂ ಒಂದು. ಅವರು ಹಾಸಿಗೆಯನ್ನೇ ತ್ಯಜಿಸಿದವರು. ಗೃಹಸ್ಥನಿಗೆ ಅಷ್ಟು ಶಕ್ಯವಿಲ್ಲದಿದ್ದರೂ, ನಿದ್ರೆ ಬಾರದಾಗ ಹಾಸಿಗೆಗೆ ಅಂಟಿಕೊಂಡಿರದೆ ಎದ್ದು ಕುಳಿತುಕೊಳ್ಳುವುದು ಶಕ್ಯ. ಇಂದಿನ ವೈದ್ಯರೂ ಇದನ್ನೇ ಹೇಳುತ್ತಾರೆ: ಎದ್ದು ಮಂದ ಬೆಳಕಿನಲ್ಲಿ ಶಾಂತವಾಗಿದ್ದು, ತೂಕಡಿಕೆ ಬಂದಾಗ ಮಲಗಬೇಕು, ಗಡಿಯಾರವು ಕಣ್ಣಿಗೆ ಬೀಳಬಾರದು. ಆ ಹೊತ್ತಿನಲ್ಲಿ ಣಮೋಕಾರ ಜಪವಾಗಲಿ, ದ್ವಾದಶಾನುಪ್ರೇಕ್ಷೆಗಳ ಚಿಂತನೆಯಾಗಲಿ ಉಚಿತ. ಆದರೆ ನಿದ್ರೆ ಬರಲೆಂದೇ ಜಪ ಮಾಡಿದರೆ ಜಪವೂ ಮಾತ್ರೆಯಂತಾಗುತ್ತದೆ. ಫಲವನ್ನು ಬಯಸದೆ ಮಾಡಬೇಕು. ನಿದ್ರೆ ಬಂದರೆ ಬರಲಿ, ಬಾರದಿದ್ದರೆ ಸಾಮಾಯಿಕವಾಗಲಿ.

ವಾರಕ್ಕೆ 3 ರಾತ್ರಿಯಂತೆ 3 ತಿಂಗಳು ಇದೇ ಸ್ಥಿತಿ ಮುಂದುವರಿದರೆ ವೈದ್ಯರನ್ನು ಕಾಣುವುದು ವಿವೇಕ. ದೇಹವು ಧರ್ಮಸಾಧನವಾದ್ದರಿಂದ ಅದರ ಉಪಚಾರವು ವ್ರತಕ್ಕೆ ವಿರೋಧವಲ್ಲ. ನಿದ್ರೆಯನ್ನು ಬಲವಂತದಿಂದ ಕರೆತರುವುದು ಯಾರಿಗೂ ಶಕ್ಯವಿಲ್ಲ. ಎಚ್ಚರವಿರುವಷ್ಟು ಹೊತ್ತು ಸಮಭಾವದಿಂದಿರುವುದು ಮಾತ್ರ ಶ್ರಾವಕನ ಸ್ವಾಧೀನದಲ್ಲಿದೆ.