ನದಿಯ ದಡದಲ್ಲಿ ನಿಂತ ಅಕ್ಕ

ಧ್ಯಾನಭಾಗ: ವಿಮೋಚನಕಾಂಡ 2ನೆಯ ಅಧ್ಯಾಯ, 1ರಿಂದ 10ನೆಯ ವಚನಗಳು



ಮೋಶೆಯ ಜನನದ ವೃತ್ತಾಂತವನ್ನು ಓದುವಾಗೆಲ್ಲಾ ನಮ್ಮ ದೃಷ್ಟಿಯು ಪೆಟ್ಟಿಗೆಯಲ್ಲಿ ಅಳುವ ಕೂಸಿನ ಮೇಲೆಯೂ ಸ್ನಾನಕ್ಕೆ ಇಳಿದುಬಂದ ಫರೋಹನ ಮಗಳ ಮೇಲೆಯೂ ನಿಲ್ಲುತ್ತದೆ. ಆದರೆ ಅದೇ ದಡದಲ್ಲಿ, ಸ್ವಲ್ಪ ದೂರದಲ್ಲಿ, ಇನ್ನೊಬ್ಬಳು ನಿಂತಿದ್ದಾಳೆ. ಆಕೆಯು ಆ ಕೂಸಿನ ಅಕ್ಕ. ತಾಯಿಯು ಅಲ್ಲಿ ನಿಲ್ಲಲಾರಳು. ಆದಕಾರಣ ಹುಡುಗಿಯೇ ನಿಂತು ಕಾಯಬೇಕಾಯಿತು. ಈ ಅಧ್ಯಾಯದಲ್ಲಿ ಆಕೆಯ ಹೆಸರನ್ನು ಸಹ ಬರೆದಿಲ್ಲ. ಮಿರ್ಯಾಮಳೆಂಬ ಹೆಸರು ನಮಗೆ ತಿಳಿಯುವದು ಬಹಳ ಮುಂದೆ.

ಈ ಅಕ್ಕನನ್ನು ಕಾಫಿ ಸೀಮೆಯವರಾದ ನಾವು ಚೆನ್ನಾಗಿ ಬಲ್ಲೆವು. ಚಿಕ್ಕಮಗಳೂರಿನ ಗಿರಿಯ ಮೇಲಾಗಲಿ, ಮೂಡಿಗೆರೆಯ ಸುತ್ತಲಾಗಲಿ, ಕಳಸದ ಕಡೆಯ ತೋಟಗಳಲ್ಲಾಗಲಿ, ಮೇಸ್ತ್ರಿಯ ಕೂಗಿಗೆ ತಾಯಿಯು ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ ಮೇಲೆ, ಲೈನಿನ ಬಾಗಿಲಲ್ಲಿ ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತಿರುವ ಹತ್ತು ಹನ್ನೆರಡು ವರುಷದ ಹುಡುಗಿಯೇ ಆಕೆ. ಅಷ್ಟು ಹೊತ್ತಿಗೆ ಆಕೆಯ ಜೊತೆಯವರು ಶಾಲೆಯ ದಾರಿ ಹಿಡಿದಿರುತ್ತಾರೆ. ಮಿರ್ಯಾಮಳ ಕಾವಲು ಒಂದೇ ದಿನದಲ್ಲಿ ಮುಗಿಯಿತು. ನಮ್ಮ ಹುಡುಗಿಯ ಕಾವಲಾದರೋ ಮೊದಲು ಒಂದು ಕೊಯ್ಲಿನ ಕಾಲವೆಂದು ಆರಂಭವಾಗಿ, ಮತ್ತೆ ಒಂದು ವರುಷವಾಗಿ, ಕಡೆಗೆ ಆಕೆಯ ಮದುವೆಯ ದಿನದ ತನಕ ಬೆಳೆಯುತ್ತದೆ.

ಇದು ಹೇಗೆ ಆಗುತ್ತದೆಂಬದನ್ನು ಸ್ವಲ್ಪ ವಿಚಾರಿಸೋಣ. ಅರೇಬಿಕಾ ಹಣ್ಣು ನವೆಂಬರಿನಲ್ಲಿ ಕೆಂಪಾಗಿ ಕೊಯ್ಲಿಗೆ ಬರುತ್ತದೆ. ರೊಬಸ್ಟಾ ಕೊಯ್ದು ಮುಗಿಸುವಷ್ಟರಲ್ಲಿ ಫೆಬ್ರವರಿ ಕಳೆಯುತ್ತಾ ಬಂದಿರುತ್ತದೆ. ಹಣ್ಣನ್ನು ತೂಗಿ ಕೂಲಿ ಕೊಡುವ ತೋಟದಲ್ಲಿ ಗಟ್ಟಿ ಕೈಯವರಿಗೆ ವರುಷದಲ್ಲಿ ನಾಲ್ಕು ಕಾಸು ಕೂಡುವ ಕಾಲ ಇದೊಂದೇ. ಮನೆಯ ಸಾಲ ತೀರುವದೂ ಕಂಬಳಿ ಬರುವದೂ ಈ ದಿನಗಳಲ್ಲೇ. ಆಗ ಮೊಲೆಗೂಸನ್ನು ಯಾರು ನೋಡುವರು? ಅಕ್ಕ ನೋಡುವಳು. ಅಕ್ಕ ಸ್ವಲ್ಪ ದೊಡ್ಡವಳಾದರೆ ಕೂಸನ್ನು ಮತ್ತೊಬ್ಬ ತಂಗಿಗೆ ಒಪ್ಪಿಸಿ ತಾನೂ ತಾಯಿಯ ಸಾಲಿಗೆ ನಿಂತು ಕೊಯ್ಯುವಳು. ಆಕೆ ಕೊಯ್ದ ಹಣ್ಣು ತಾಯಿಯ ಹೆಸರಿನ ತೂಕಕ್ಕೆ ಸೇರುವದು. ಶಾಲೆಯ ಪರೀಕ್ಷೆ ಬರುವದು ಸರಿಯಾಗಿ ಅದರ ಬೆನ್ನಿಗೆ, ಮಾರ್ಚಿಯಲ್ಲಿ. ಮೂರು ತಿಂಗಳು ಪುಸ್ತಕ ಮುಟ್ಟದ ಮಗುವು ಯಾವ ಮುಖದಿಂದ ಆ ಕೊಠಡಿಗೆ ಹೋದೀತು? ಹೋಗುವದಿಲ್ಲ. ತಂದೆತಾಯಿಗಳು ಕಠಿಣಹೃದಯದವರೆಂದು ನಾವು ಹೇಳುವದಿಲ್ಲ. ಹೊಟ್ಟೆಯ ಕಷ್ಟವನ್ನು ಅರಿಯದೆ ಬುದ್ಧಿ ಹೇಳುವವರ ಮಾತು ಲೈನಿನ ಅಂಗಳದಲ್ಲಿ ನಿಲ್ಲುವದೂ ಇಲ್ಲ.

ಸರಕಾರವು ಈ ವಿಷಯದಲ್ಲಿ ಸುಮ್ಮನೆ ಕೂತಿರಲಿಲ್ಲ. 1951ರ ತೋಟ ಕಾರ್ಮಿಕರ ಕಾಯಿದೆಯು ಹನ್ನೆರಡು ವರುಷ ತುಂಬದ ಮಗುವಿಗೆ ತೋಟದ ಕೆಲಸವನ್ನು ನಿಷೇಧಿಸಿತು. ಐವತ್ತು ಮಂದಿ ಹೆಂಗಸರು ದುಡಿಯುವ ತೋಟದಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಕೊಠಡಿ ಇರಬೇಕೆಂದು ವಿಧಿಸಿತು. ಹೆಂಗಸರು ಅಷ್ಟು ಮಂದಿ ಇಲ್ಲದಿದ್ದರೂ ಅವರ ಮಕ್ಕಳು ಇಪ್ಪತ್ತು ಮಂದಿ ಇದ್ದರೆ ಸಾಕೆಂದು 1981ರ ತಿದ್ದುಪಡಿಯು ಸೇರಿಸಿತು. 2009ರಲ್ಲಿ ಆಗಿ 2010ರ ಏಪ್ರಿಲಿನಿಂದ ನಡೆಯುತ್ತಿರುವ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರುಷದ ಮಕ್ಕಳೆಲ್ಲರಿಗೂ ಶಾಲೆಯನ್ನು ಹಕ್ಕಾಗಿ ಮಾಡಿದೆ. ಇವೆಲ್ಲಾ ಒಳ್ಳೇದೇ. ಆದರೆ ಒಂದು ಮಾತನ್ನು ಗಮನಿಸಿರಿ. ಕಾನೂನು ಕೂಲಿ ಪಡೆಯುವ ಮಗುವನ್ನು ಕಾಣಬಲ್ಲದು. ಕೂಸನ್ನು ಎತ್ತಿಕೊಂಡು ಮನೆಯಲ್ಲಿ ಉಳಿದ ಮಗುವು ಯಾವ ರೈಟರ ಪುಸ್ತಕದಲ್ಲಿಯೂ ಇರುವದಿಲ್ಲ. ಸಣ್ಣ ತೋಟಗಳ ಮಾತಂತೂ ಹೇಳಬೇಕಾಗಿಲ್ಲ. ಅಲ್ಲಿ ಐವತ್ತು ಹೆಂಗಸರೂ ಇಲ್ಲ, ಇಪ್ಪತ್ತು ಕೂಸುಗಳೂ ಇಲ್ಲ, ಇರುವದು ಆರು ಮನೆ, ಮೂರು ತೊಟ್ಟಿಲು, ಮೂರು ಮಂದಿ ಅಕ್ಕಂದಿರು.

ಈಗ ವೇದಭಾಗಕ್ಕೆ ಹಿಂತಿರುಗೋಣ. ಫರೋಹನ ಮಗಳು ಕೂಸನ್ನು ಕಂಡು ಕನಿಕರಪಟ್ಟು ಮಾಡಿದ ಮೊದಲನೆಯ ಕೆಲಸವೇನು? ಆಕೆಗೆ ಅರಮನೆಯಿತ್ತು, ದಾಸಿಯರಿದ್ದರು. ಆದರೂ ಅಕ್ಕನ ಮಾತಿಗೆ ಕಿವಿಗೊಟ್ಟು ಕೂಸನ್ನು ಅದರ ಹೆತ್ತ ತಾಯಿಯ ಕೈಗೇ ಕೊಟ್ಟು, ಸಾಕುವದಕ್ಕೆ ಸಂಬಳವನ್ನೂ ನೇಮಿಸಿದಳು. ಉಪಕಾರವು ಮೊದಲು ತಾಯಿಯ ಮನೆಗೆ ಬಂತು. ಅರಮನೆಯ ವಾಸವು ಹುಡುಗನು ಬೆಳೆದ ಮೇಲಿನ ಮಾತು.

ಮಕ್ಕಳಿಗೆ ಸಹಾಯ ಮಾಡುವ ಸಂಸ್ಥೆಗಳೆಲ್ಲಾ ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಳ್ಳುವದು ಯುಕ್ತವೆಂದು ನಮ್ಮ ಅಭಿಪ್ರಾಯ. 2015ರ ಬಾಲನ್ಯಾಯ ಕಾಯಿದೆಯು ಸಹ ಮಗುವನ್ನು ಸಂಸ್ಥೆಯಲ್ಲಿಡುವದು ಬೇರೆ ದಾರಿಯೆಲ್ಲಾ ನೋಡಿದ ಮೇಲಿನ ಕಡೆಯ ಉಪಾಯವಾಗಿರಬೇಕೆಂದು ಹೇಳುತ್ತದೆ. ತಂದೆತಾಯಿಗಳು ಬದುಕಿರುವಾಗಲೇ, ಅಲ್ಲಿ ಊಟ ಚೆನ್ನಾಗಿದೆಯೆಂಬ ಒಂದೇ ಕಾರಣಕ್ಕೆ ಆರು ವರುಷದ ಮಗುವನ್ನು ದೂರದ ನಿಲಯಕ್ಕೆ ಕಳುಹಿಸುವದು ನಮ್ಮಲ್ಲಿ ಕೆಲವರ ರೂಢಿಯಾಗಿದೆ. ಹೈಸ್ಕೂಲು ಹತ್ತು ಮೈಲು ಆಚೆಗಿದ್ದು ಮಳೆಗಾಲದಲ್ಲಿ ಬಸ್ಸು ನಿಂತುಹೋಗುವ ಊರಿನ ಹದಿಮೂರರ ಹುಡುಗಿಗೆ ವಿದ್ಯಾರ್ಥಿನಿಲಯವು ದೊಡ್ಡ ವರವೇ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಮತ್ತು ಅಲ್ಪಸಂಖ್ಯಾತರ ಇಲಾಖೆಗಳ ನಿಲಯಗಳೂ ಮೊರಾರ್ಜಿ ದೇಸಾಯಿ ವಸತಿಶಾಲೆಗಳೂ ಇರುವದು ಇಂಥವರಿಗಾಗಿಯೇ. ಹಾಗೆ ಕಳುಹಿಸಿದರೆ ಹನ್ನಳನ್ನು ನೆನಪಿಗೆ ತಂದುಕೊಳ್ಳಿರಿ. ಆಕೆಯು ಸಮುವೇಲನನ್ನು ದೇವಾಲಯಕ್ಕೆ ಒಪ್ಪಿಸಿದ ಮೇಲೂ ವರುಷವರುಷವೂ ಚಿಕ್ಕ ನಿಲುವಂಗಿಯನ್ನು ಹೊಲಿದು ತೆಗೆದುಕೊಂಡು ಹೋಗುತ್ತಿದ್ದಳು. ಹುಡುಗನು ಎಷ್ಟು ಬೆಳೆದಿದ್ದಾನೆಂಬ ಅಳತೆ ಆಕೆಯ ಕಣ್ಣಿನಲ್ಲಿತ್ತು.

ಮನೆಯೇ ಇಲ್ಲದ ಮಕ್ಕಳ ಗತಿಯೇನು? ಇದಕ್ಕೆ ಉತ್ತರವು ನಮ್ಮ ಬೆಟ್ಟಗಳಿಂದಲೇ ಹೊರಟಿತು. ಕಳಸದಿಂದ ಕುದುರೆಮುಖದ ಮೇಲೆ ಕಾರ್ಕಳದ ಕಡೆಗೆ ಹೋಗುವ ದಾರಿಯಲ್ಲಿ, ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲವಿದೆ. ಆ ಕಾಡಿನಲ್ಲಿ ಅನಂತಶಾಸ್ತ್ರಿ ಡೋಂಗ್ರೆ ಎಂಬ ವಿದ್ವಾಂಸರು ಮನೆ ಕಟ್ಟಿಕೊಂಡು ಶಿಷ್ಯರಿಗೆ ಪಾಠ ಹೇಳುತ್ತಿದ್ದರು. ಹೆಂಗಸಿಗೆ ಸಂಸ್ಕೃತ ಕಲಿಸಬಾರದೆಂದು ಸುತ್ತಲಿನವರು ವಿರೋಧಿಸಿದರೂ ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಕಲಿಸಿದರು. ಅವರಿಗೆ 1858ರ ಏಪ್ರಿಲ್ 23ರಂದು ಹುಟ್ಟಿದ ಮಗಳೇ ಪಂಡಿತಾ ರಮಾಬಾಯಿ. ಆಸ್ತಿ ಕರಗಿ ಕುಟುಂಬವು ತೀರ್ಥಯಾತ್ರೆಗೆ ಹೊರಟಾಗ ಆಕೆ ಕೆಲವು ತಿಂಗಳ ಕೂಸು. ಬೆತ್ತದ ದೊಡ್ಡ ಪೆಟ್ಟಿಗೆಯಲ್ಲಿಟ್ಟು ಬೆಟ್ಟದಿಂದ ಕೆಳಕ್ಕೆ ಇಳಿಸಿದರಂತೆ. ಮೋಶೆಯ ಜೊಂಡಿನ ಪೆಟ್ಟಿಗೆಯು ನೆನಪಿಗೆ ಬಾರದಿರುವದೇ?

ಅಲೆದಾಟದ ಮಧ್ಯದಲ್ಲಿಯೂ ಲಕ್ಷ್ಮೀಬಾಯಿ ಮಗಳಿಗೆ ಎಂಟನೆಯ ವಯಸ್ಸಿನಿಂದ ಹದಿನೈದರ ವರೆಗೆ ತಾನೇ ಪಾಠ ಹೇಳಿದರು. ಆ ವಯಸ್ಸನ್ನು ಗುರುತುಮಾಡಿಕೊಳ್ಳಿರಿ: ನಮ್ಮ ಹುಡುಗಿಯರು ಕೂಸು ಹೊರುವ ವಯಸ್ಸು ಅದೇ. 1874ರ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಹೋದರು. ಅಣ್ಣನ ಸಂಗಡ ಕಾಲ್ನಡೆಯಿಂದ ದೇಶ ಸುತ್ತಿದ ಆ ಹುಡುಗಿಗೆ ಉಳಿದ ಆಸ್ತಿಯು ಆ ಏಳು ವರುಷದ ಪಾಠ ಮಾತ್ರ. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಆಕೆಗೆ ಪಂಡಿತೆಯೆಂಬ ಬಿರುದನ್ನು ಕೊಟ್ಟದ್ದು ಆ ಪಾಠಕ್ಕಾಗಿಯೇ. ಮದುವೆಯಾಗಿ, ಎರಡು ವರುಷದೊಳಗೆ ವಿಧವೆಯಾಗಿ, 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿ, 1889ರ ಮಾರ್ಚಿಯಲ್ಲಿ ಬೊಂಬಾಯಿಯಲ್ಲಿ ಶಾರದಾ ಸದನವೆಂಬ ಶಾಲೆಯನ್ನು ತೆರೆದರು. ಅಲ್ಲಿಗೆ ಬಂದ ಮೊದಲನೆಯ ವಿಧವೆ ಗೋದುಬಾಯಿ. ಆಕೆಯು ಮುಂದೆ ಧೋಂಡೋ ಕೇಶವ ಕರ್ವೆಯವರ ಪತ್ನಿಯಾದರು.

1896ರ ಕೊನೆಗೆ ಮಧ್ಯಪ್ರಾಂತದಲ್ಲಿ ಕ್ಷಾಮ ಬಿದ್ದಾಗ ರಮಾಬಾಯಿ ಅಲ್ಲಿಗೆ ಹೋಗಿ ಬೀದಿಪಾಲಾದ ಸುಮಾರು ಮುನ್ನೂರು ಮಂದಿ ಹುಡುಗಿಯರನ್ನು ಕರತಂದರು. ಪುಣೆಯ ಹತ್ತಿರ ಕೇಡಗಾವಿಯಲ್ಲಿ ಮುಕ್ತಿ ಎಂಬ ನಿವಾಸವು ಹೀಗೆ ಬೆಳೆಯಿತು. 1900ರ ಗುಜರಾತಿನ ಕ್ಷಾಮದ ಅನಂತರ ಅಲ್ಲಿ ಎರಡು ಸಾವಿರದ ಹತ್ತಿರ ಜನರಿದ್ದರು. ಅವರಿಗೆ ಗಂಜಿ ಹಾಕಿ ಕೂರಿಸಲಿಲ್ಲ. ಅಕ್ಷರದ ಜೊತೆಗೆ ನೇಯುವದು, ಎಣ್ಣೆ ತೆಗೆಯುವದು, ಹೈನು, ತೋಟದ ಕೆಲಸ, ಅಚ್ಚಿನ ಕೆಲಸ ಇವುಗಳನ್ನು ಕಲಿಸಿದರು. ಕುರುಡಿಯರಿಗೆ ಬ್ರೈಲ್ ಅಕ್ಷರವನ್ನು ಮಗಳು ಮನೋರಮಾಬಾಯಿ ಕಲಿಸಿದರು. ರಮಾಬಾಯಿ ಮಾಡಿದ ಮರಾಠಿ ಬೈಬಲಿನ ಮೊಳೆಗಳನ್ನು ಜೋಡಿಸಿ ಮುದ್ರಿಸಿದವರೂ ಅಲ್ಲಿಯ ಹೆಂಗಸರೇ. ಮನೋರಮಾಬಾಯಿ 1912ರಲ್ಲಿ ನಮ್ಮ ಗುಲ್ಬರ್ಗದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ಹೆಣ್ಣುಮಕ್ಕಳಿಗೆ ಶಾಲೆಯನ್ನು ತೆರೆದರು. ತಾಯಿಯು 1922ರ ಏಪ್ರಿಲ್ 5ರಂದು ನಿದ್ರೆಹೋದರು. ಕೇಡಗಾವಿಯ ನಿವಾಸವು ಇಂದಿಗೂ ನಡೆಯುತ್ತಿದೆ.

ಈ ಚರಿತ್ರೆಯಲ್ಲಿ ಒಂದು ಕಹಿ ಪ್ರಕರಣವೂ ಉಂಟು. ಅದನ್ನು ಬಿಟ್ಟು ಹೇಳುವದು ಸರಿಯಲ್ಲ. ಶಾರದಾ ಸದನದಲ್ಲಿ ಹುಡುಗಿಯರನ್ನು ಕ್ರೈಸ್ತಮತಕ್ಕೆ ಸೆಳೆಯುತ್ತಾರೆಂಬ ಗದ್ದಲವು 1893ರಲ್ಲಿ ಎದ್ದು, ಸಲಹೆಗಾರರಾಗಿದ್ದ ಹಿರಿಯರು ಬಿಟ್ಟುಹೋದರು. ಅನೇಕರು ತಮ್ಮ ಹೆಣ್ಣುಮಕ್ಕಳನ್ನು ಹಿಂದಕ್ಕೆ ಕರೆದುಕೊಂಡರು. ಯಾರದು ಸರಿಯೆಂಬ ತೀರ್ಪು ನಮ್ಮ ಇಂದಿನ ಕೆಲಸವಲ್ಲ. ನಷ್ಟವಾದದ್ದು ಹಿಂದಕ್ಕೆ ಹೋದ ಹುಡುಗಿಯರಿಗೆ. ಆದಕಾರಣ ನಾವು ಈಗ ಹೇಳಲಿರುವ ಕೆಲಸವನ್ನು ಯಾವ ಸಭೆಯಾದರೂ ಕೈಗೊಂಡರೆ, ಕೂಸಿನ ತಾಯಿಯನ್ನು ಆಕೆಯ ಮತವಾವುದೆಂದು ಕೇಳಲೂಬಾರದು, ಮತದ ಮಾತನ್ನು ಎತ್ತಲೂಬಾರದು. ಈಗ ನಮ್ಮ ತೋಟಗಳಿಗೆ ಅಸ್ಸಾಮು, ಝಾರ್ಖಂಡಗಳಿಂದಲೂ ಜನರು ಕೊಯ್ಲಿಗೆ ಬರುತ್ತಾರೆ. ಅವರ ಮಕ್ಕಳಿಗೆ ನಮ್ಮ ಭಾಷೆಯೇ ಬಾರದು. ಫರೋಹನ ಮಗಳು ಕೂಸನ್ನು ನೋಡಿದ ಕ್ಷಣವೇ ಅದು ಇಬ್ರಿಯರ ಕೂಸೆಂದು ಅರಿತಿದ್ದಳು, ಅರಿತೇ ಎತ್ತಿಕೊಂಡಳು.

ನಾವು ಹೇಳುವ ಕೆಲಸವು ದೊಡ್ಡದಲ್ಲ. ನಮ್ಮ ಪ್ರಾರ್ಥನಾಲಯಗಳು ಆದಿತ್ಯವಾರ ತೆರೆದು ಉಳಿದ ಆರು ದಿನ ಬೀಗ ಹಾಕಿಕೊಂಡಿರುತ್ತವೆ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೈಕ್ಸ್ ಎಂಬವನು ಆದಿತ್ಯವಾರದ ಶಾಲೆಯನ್ನು ಆರಂಭಿಸಿದ್ದು, ವಾರವೆಲ್ಲಾ ದುಡಿಯುವ ಬಡಮಕ್ಕಳಿಗೆ ಆ ದಿನವೊಂದೇ ಬಿಡುವಾಗಿದ್ದರಿಂದ. ನಮ್ಮ ಅಕ್ಕಂದಿರಿಗೆ ಬೇಕಾದದ್ದು ಉಳಿದ ಆರು ದಿನ. ನವೆಂಬರಿನಿಂದ ಫೆಬ್ರವರಿಯ ವರೆಗೆ ಆ ಬೀಗವನ್ನು ತೆಗೆದು, ಬೆಟ್ಟ ಹತ್ತಲಾರದೆ ಮನೆಯಲ್ಲಿ ಉಳಿದ ಅಜ್ಜಿಯಂದಿರಲ್ಲಿ ಇಬ್ಬರನ್ನು ಅಲ್ಲಿ ಕೂರಿಸಿರಿ. ಇಬ್ಬರಿರಲಿ, ಬಾಗಿಲು ತೆರೆದಿರಲಿ, ಯಾರು ಬಂದರೂ ಒಳಗೆ ನೋಡುವಂತಿರಲಿ. ಹಳೆಯ ಸೀರೆಯ ಎರಡು ಜೋಲಿ, ಒಂದು ಚಾಪೆ, ಕಾಸಿದ ನೀರು, ಹಾಲು. ಹಾಲಿನ ಖರ್ಚಿಗೆ ಸುಗ್ಗಿಯ ಕಾಣಿಕೆಯಲ್ಲಿ ಒಂದು ಪಾಲನ್ನು ತೆಗೆದಿಡಬಹುದು. ಅಜ್ಜಿಯಂದಿರಿಗೂ ಕೈಗಿಷ್ಟು ಕೊಡುವದು ನ್ಯಾಯ. ಮೋಶೆಯ ತಾಯಿಗೆ ಸಂಬಳ ಸಿಕ್ಕಲಿಲ್ಲವೇ? ಹತ್ತಿರದಲ್ಲಿ ಅಂಗನವಾಡಿ ಇದ್ದು ಅದು ಮೂರು ವರುಷದವರನ್ನು ಸೇರಿಸಿಕೊಂಡರೆ ನಿಮಗೆ ಉಳಿಯುವದು ಅದಕ್ಕಿಂತ ಚಿಕ್ಕವರು ಮಾತ್ರ. ತೋಟದವರೇ ಕೊಠಡಿ ಕೊಟ್ಟಿದ್ದರೆ ಮತ್ತೂ ಸುಲಭ. ಕೊಡಬೇಕಾದಲ್ಲಿ ಕೊಡದಿದ್ದರೆ ನಾಲ್ಕು ಹಿರಿಯರು ಕೂಡಿ ಹೋಗಿ ಮರ್ಯಾದೆಯಿಂದ ಕೇಳಿರಿ. ಮಗುವಿಗೆ ಹೊಡೆತವೋ ಬೇರೆ ಅಪಾಯವೋ ಇದೆಯೆಂದು ಕಂಡುಬಂದರೆ 1098ಕ್ಕೆ ಕರೆಮಾಡಿದರೆ ಸಾಕು, ಅದಕ್ಕೆ ಕಾಸು ಬೇಡ.

ಹುಡುಗರ ತೊಂದರೆಯು ಬೇರೆ ಬಗೆಯದು. ಅದು ಕೂಸಿನಿಂದಲ್ಲ, ಕೈಗೆ ಬರುವ ಮೊದಲನೆಯ ಕೂಲಿಯಿಂದ ಹುಟ್ಟುತ್ತದೆ. ಅದನ್ನು ಇದರ ಸಂಗಡ ಬೆರಸುವದಿಲ್ಲ.

ಅಕ್ಟೋಬರಿನ ಒಂದು ಆದಿತ್ಯವಾರ, ಆರಾಧನೆ ಮುಗಿದ ಮೇಲೆ, ಉಪದೇಶಿಯವರು ಒಂದು ಕಾಗದವನ್ನು ತೆಗೆದುಕೊಳ್ಳಲಿ. ಅದರಲ್ಲಿ ಕೂಸುಗಳ ಹೆಸರನ್ನಲ್ಲ, ಅವುಗಳ ಅಕ್ಕಂದಿರ ಹೆಸರುಗಳನ್ನು ಬರೆಯಲಿ. ಪ್ರತಿಯೊಬ್ಬಳ ಮುಂದೆ ಆಕೆ ಓದುವ ತರಗತಿಯನ್ನೂ ಬರೆಯಲಿ. ಡಿಸೆಂಬರಿನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಆ ಕಾಗದವನ್ನು ಶಾಲೆಗೆ ತೆಗೆದುಕೊಂಡು ಹೋಗಿ, ಹೆಡ್ಮಾಸ್ತರರ ಹಾಜರಿ ಪುಸ್ತಕದೊಂದಿಗೆ ಹೆಸರು ಹೆಸರಾಗಿ ಹೋಲಿಸಿ ನೋಡಲಿ.