ಮೊದಲು ಕೆರೆ, ಆಮೇಲೆ ಪೇಟೆ

ಕೋಟೇಶ್ವರದಲ್ಲಿ ಹುಟ್ಟಿ ಬೆಳೆದ ಕ್ರೈಸ್ತರಾದ ನಮಗೆ ಭಕ್ತಿಯ ಪಾಠ ಇಗರ್ಜಿಯಲ್ಲಷ್ಟೇ ಆದದ್ದಲ್ಲ. ವೃಶ್ಚಿಕ ಮಾಸದ ಹುಣ್ಣಿಮೆಗೆ ದೇವಸ್ಥಾನದ ಕೊಡಿ ಹಬ್ಬ ಬಂದಾಗ ನಮ್ಮೂರಿಗೆ ಊರೇ ಜಾತ್ರೆ. ಬಳೆ, ಬತ್ತಾಸು, ಆಟಿಕೆ, ಹೊಸ ಜೋಡಿಗಳ ಕೈಯಲ್ಲಿ ಕಬ್ಬಿನ ಕೊಡಿ. ಆದರೆ ಹರಕೆ ಹೊತ್ತವರು ಅಂಗಡಿಗಳತ್ತ ಕಣ್ಣು ಹಾಯಿಸುವ ಮೊದಲೇ ನಸುಕಿನಲ್ಲಿ ಕೋಟಿತೀರ್ಥ ಕೆರೆಯ ಸುತ್ತ ಅಕ್ಕಿ ಚೆಲ್ಲುತ್ತಾ ಒಂದು ಸುತ್ತು ಬಂದಿರುತ್ತಾರೆ. ಈ ಸುತ್ತಕ್ಕಿ ಸೇವೆ ಮುಗಿದ ಮೇಲೆಯೇ ಪೇಟೆ. ಪೇಟೆ ಬೇಡವೆಂದು ಅಲ್ಲಿ ಯಾರೂ ಹೇಳುವುದಿಲ್ಲ, ಸರದಿ ಮಾತ್ರ ತಪ್ಪಬಾರದು. ಲೌಕಿಕದ ಸೆಳೆತದ ಬಗ್ಗೆ ನಾನು ಕೇಳಿದ ಎಷ್ಟೋ ಪ್ರವಚನಗಳಿಗಿಂತ ಇದು ನನಗೆ ಹೆಚ್ಚು ಹಿಡಿಸಿದೆ.

ಕೋಟೇಶ್ವರದಿಂದ ನಾಲ್ಕೈದು ಕಿಲೋಮೀಟರ್ ದೂರದ ಕುಂದಾಪುರದಲ್ಲಿ 1570ರಲ್ಲಿ ಸ್ಥಾಪನೆಯಾದ ಹೋಲಿ ರೋಸರಿ ಇಗರ್ಜಿ ಇದೆ. ಈ ಸರದಿಯನ್ನು ಜೀವಮಾನವಿಡೀ ತಪ್ಪಿಸದ ಒಬ್ಬರು ಓಡಾಡಿದ ನೆಲ ಅದು. ಸಂತ ಜೋಸೆಫ್ ವಾಜ್ ಗೋವೆಯ ಬಾಣಾವಲಿಯಲ್ಲಿ 1651ರಲ್ಲಿ ಹುಟ್ಟಿದವರು. 1677ರ ಆಗಸ್ಟ್ 5ರಂದು, ತಾನು ಮರಿಯ ಮಾತೆಯ ಗುಲಾಮ ಎಂದು ಕಾಗದದ ಮೇಲೆ ಬರೆದು ಸಹಿ ಹಾಕಿದರು. ಸಾಲಕ್ಕೆ ಪತ್ರ ಬರೆದುಕೊಟ್ಟವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಕೇಳುವವರೇ ಇಲ್ಲದಾಗ ತನ್ನನ್ನೇ ಬರೆದುಕೊಟ್ಟವರು ಅಪರೂಪ.

1681ರಲ್ಲಿ ಅವರು ಕೆನರಾಕ್ಕೆ ಬಂದರು. ಕೆಳದಿಯಲ್ಲಿ ಚೆನ್ನಮ್ಮಾಜಿ ಆಳುತ್ತಿದ್ದ ಕಾಲ. ಇಲ್ಲಿನ ಕ್ರೈಸ್ತರ ದೊಡ್ಡ ತೊಂದರೆ ಹೊರಗಿನಿಂದ ಬಂದದ್ದಾಗಿರಲಿಲ್ಲ. ಗೋವೆಯ ಕಡೆಯವರಿಗೂ, ರೋಮ್ ನೇಮಿಸಿದ ಬಿಷಪ್ ತೊಮಾಸ್ ದೆ ಕಾಸ್ತ್ರೊ ಅವರ ಕಡೆಯವರಿಗೂ ಅಧಿಕಾರ ಯಾರದ್ದು ಎಂಬ ಹಗ್ಗಜಗ್ಗಾಟ ನಡೆದಿತ್ತು. ವಾಜ್ ಗೋವೆಯ ಕಡೆಯಿಂದಲೇ ಬಂದವರು. ಆದರೂ ಜಗಳ ಬೆಳೆಸದೆ ರಾಜಿಗೆ ಪ್ರಯತ್ನಿಸಿದರು, ಊರೂರು ಸುತ್ತಿ ಪಾಪನಿವೇದನೆ ಕೇಳಿದರು, ರೋಗಿಗಳನ್ನು ನೋಡಿಕೊಂಡರು. ಕುಂದಾಪುರದ ಇಗರ್ಜಿಯಲ್ಲಿ ಶಿಲುಬೆಯ ಮುಂದೆ ಪ್ರಾರ್ಥಿಸುತ್ತಾ ಮೈಮರೆತು ನೆಲದಿಂದ ಮೇಲೆದ್ದರೆಂಬ ಕಥೆಯನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ನನಗೆ ಆ ಪವಾಡಕ್ಕಿಂತ, ಕುರ್ಚಿಯ ಜಗಳದ ನಡುವೆ ಅವರು ತಲೆ ಕೆಡಿಸಿಕೊಳ್ಳದೆ ಕೆಲಸ ಮಾಡಿದ್ದೇ ದೊಡ್ಡದು.

1684ರಲ್ಲಿ ಗೋವೆಗೆ ಮರಳಿದರು. 1687ರಲ್ಲಿ ಕೂಲಿಯಾಳಿನ ವೇಷದಲ್ಲಿ, ಡಚ್ಚರು ಕಥೋಲಿಕರನ್ನು ಹತ್ತಿಕ್ಕುತ್ತಿದ್ದ ಸಿಂಹಳಕ್ಕೆ ದೋಣಿ ಹತ್ತಿದರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಅನುಮಾನದ ಮೇಲೆ ಸೆರೆಮನೆ ಕಂಡರು. 1697ರಲ್ಲಿ ಅಲ್ಲಿ ಸಿಡುಬು ಹರಡಿದಾಗ ಜನ ಬಿಟ್ಟು ಓಡಿದ ರೋಗಿಗಳಿಗೆ ಗಂಜಿ ಕುಡಿಸಿ ಆರೈಕೆ ಮಾಡಿದರು. ಬಿಷಪ್ ಆಗಿರೆಂದು ಕರೆ ಬಂದಾಗ ಒಲ್ಲೆ ಎಂದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ಕಣ್ಮುಚ್ಚಿದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ವಾಜರನ್ನು ಸಂತರೆಂದು ಘೋಷಿಸಿದರು.

ನಮ್ಮ ಕಥೆ ಬೇರೆ. ನಮ್ಮನ್ನು ಯಾರೂ ಸೆರೆಗೆ ಹಾಕುವುದಿಲ್ಲ. ಆದರೆ ನಮ್ಮ ಹಿರಿಯರನ್ನು 1784ರಲ್ಲಿ ಟಿಪ್ಪುವಿನ ಸೈನ್ಯ ಶ್ರೀರಂಗಪಟ್ಟಣಕ್ಕೆ ಅಟ್ಟಿತು. ಅಲ್ಲಿ ಬದುಕುಳಿದವರು 1799ರ ನಂತರ ಮರಳಿ ಬಂದು ಇಗರ್ಜಿಗಳನ್ನು ಮತ್ತೆ ಎಬ್ಬಿಸಿದರು. ಆ ಹದಿನೈದು ವರ್ಷದ ಕಷ್ಟವೂ ಕಸಿಯಲಾಗದ ತೇರ್ಸ್, ಅಂದರೆ ಸಂಜೆಯ ಜಪಮಾಲೆ, ಇಂದು ಎರಡು ಜಿಬಿ ಡೇಟಾಕ್ಕೆ ಸೋಲುತ್ತಿದೆ. ಸಂಜೆ ಇಗರ್ಜಿಯ ಆಮೊರಿ ಗಂಟೆ ಹೊಡೆದಾಗ ಕೈಕಾಲು ತೊಳೆದು ಅಲ್ತಾರಿನ ಮುಂದೆ ಮೊಣಕಾಲೂರಿ, ಜಪ ಮುಗಿದ ಮೇಲೆ ಅಜ್ಜ ಅಜ್ಜಿಯ ಮುಂದೆ ಕೈಮುಗಿದು ‘ಬೆಸಾಂವ್ ದಿಯಾ’ ಎಂದು ಆಶೀರ್ವಾದ ಕೇಳುತ್ತಿದ್ದ ಮನೆಗಳಲ್ಲಿ ಈಗ ಅದೇ ಹೊತ್ತಿಗೆ ಧಾರಾವಾಹಿ. ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚಿ ಹಿರಿಯರು ಹರಸುತ್ತಿದ್ದ ರೋಸ್‌ಗೆ ಈಗ ಡಿಜೆ, ಲೈಟಿಂಗ್, ಡ್ರೋನ್. ಹೊರದೇಶದಲ್ಲಿ ದುಡಿದು ಇದಕ್ಕೆಲ್ಲ ಹಣ ಕಳಿಸುವವರು ನಾವೇ ಆದ್ದರಿಂದ ಊರಿನವರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಇಗರ್ಜಿಯ ಹಬ್ಬಕ್ಕೆ ಯಾರ ಹೆಸರು ಬ್ಯಾನರಿನಲ್ಲಿ ದೊಡ್ಡದಾಗಿರಬೇಕು ಎಂಬ ಚರ್ಚೆಗೆ ಕೂತವರೂ ನಾವೇ.

ಕುವೈತ್‌ನಲ್ಲಿ ಭಾನುವಾರ ಕೆಲಸದ ದಿನ, ನಮಗೆ ಶುಕ್ರವಾರವೇ ಮೀಸ್ (ಬಲಿಪೂಜೆ). ಅಲ್ಲಿ ಡ್ಯೂಟಿ ಮುಗಿಸಿ ಕ್ಯಾಂಪಿಗೆ ಮರಳುವ ಬಸ್ಸಿನಲ್ಲಿ ನಮ್ಮ ಕಡೆಯ ಹುಡುಗನೊಬ್ಬ ಸಂಜೆ ಐದಕ್ಕೆ ಅಮ್ಮನಿಗೆ ಫೋನ್ ಹಚ್ಚುತ್ತಾನೆ. ಊರಿನಲ್ಲಿ ಆಗ ಏಳೂವರೆ. ಅಮ್ಮ ಆಚೆಯಿಂದ ಜಪ ಹೇಳುತ್ತಾರೆ. ಇವನು ಇಯರ್‌ಫೋನ್ ಸಿಕ್ಕಿಸಿಕೊಂಡು, ಪಕ್ಕದವನಿಗೂ ಕೇಳದಷ್ಟು ಮೆಲ್ಲಗೆ ಉತ್ತರಿಸುತ್ತಾನೆ. ಬೇರೆಯವರನ್ನು ಕೆಡಿಸುತ್ತದೆಂದು ನಾವು ದೂರುವ ಅದೇ ಫೋನ್ ಅವನ ಮಟ್ಟಿಗೆ ಅಲ್ತಾರಿಗೆ ಹೋಗುವ ದಾರಿ. ಬಡ್ತಿ, ಓವರ್‌ಟೈಮ್, ಊರಲ್ಲಿ ಕಟ್ಟಿಸುತ್ತಿರುವ ಮನೆಯ ಲೆಕ್ಕ ಎಲ್ಲವೂ ಅವನಿಗೂ ಇದೆ. ಅವೆಲ್ಲ ಆ ಅರ್ಧ ಗಂಟೆಯ ನಂತರ.

ಕ್ರಿಸ್‌ಮಸ್ ರಜೆಗೆ ಊರಿಗೆ ಬಂದವರು ಜನವರಿ 16ರ ಸಂತ ಜೋಸೆಫ್ ವಾಜರ ಹಬ್ಬದವರೆಗೆ ಇರಲು ಸಾಧ್ಯವಾದರೆ ಇದ್ದು, ಮಕ್ಕಳನ್ನು ಕುಂದಾಪುರದ ಇಗರ್ಜಿಗೆ ಕರೆದುಕೊಂಡು ಹೋಗಿ. ಅಷ್ಟು ರಜೆ ಇಲ್ಲದವರು, ಊರಿನಲ್ಲಿರುವಷ್ಟು ದಿನ ಸಂಜೆ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಹಿರಿಯರೊಡನೆ ತೇರ್ಸ್‌ಗೆ ಕುಳಿತುಕೊಳ್ಳಿ.